ಮನೆಗೆ ಗಾಳಿ ಫ್ಯಾನ್ ಹಾಕುವ ಮುಂಚೆ ಕಣ ಹುಡುಕಿ

ನಮ್ಮ ಹೊಲ ಶಿರಹಟ್ಟಿ ತಾಲ್ಲೂಕಿನಲ್ಲಿದೆ. ಬದುವಿನ ಮೇಲೆ ನಿಂತರೆ ಕಪ್ಪತಗುಡ್ಡದ ಸಾಲು ಕಾಣುತ್ತದೆ. ಆ ಕಡೆ ಕರೆಂಟು ಮಾಡುವ ದೊಡ್ಡ ದೊಡ್ಡ ಗಾಳಿಯಂತ್ರಗಳು ತಿರುಗುತ್ತವೆ. ನಮ್ಮಲ್ಲಿ ಅವನ್ನು ಎಲ್ಲರೂ 'ಫ್ಯಾನ್' ಅಂತಲೇ ಕರೆಯುವುದು. ನಾನು ಗದಗದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಹೊಲದ ಮನೆಗೆ ಒಂದು ಸಣ್ಣ ಫ್ಯಾನ್ ನಾನೇ ಕಟ್ಟಿಕೊಂಡಿದ್ದೇನೆ. ರೆಕ್ಕೆಯ ತುದಿಯಿಂದ ತುದಿಗೆ 2.4 ಮೀಟರ್. ಅದು ತಿರುಗಲು ಶುರುವಾಗಿ ಆರು ಮಳೆಗಾಲ ಕಳೆದಿದೆ. ಅಂಗಡಿಗೆ ಬಂದವರು ಫೋಟೋ ನೋಡಿ ಕೇಳುತ್ತಾರೆ: "ಕಾಕಾ, ನಮ್ಮ ಮನಿ ಮ್ಯಾಲೂ ಒಂದು ಹಾಕಿ ಕೊಡ್ರಿ." ಅವರಿಗೆ ನಿಂತ ನಿಲುವಿನಲ್ಲಿ ಹೇಳಲಾಗದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾರಿಗೆ ಇದು ಬೇಡ ಅಂತ ಹೇಳಿಬಿಡುತ್ತೇನೆ. ನಿಮ್ಮ ಮನೆ ಊರೊಳಗಿದ್ದರೆ ಬೇಡ. ಮನೆಗೆ ಲೈನ್ ಇದ್ದು ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ ಬರದಿದ್ದರೆ, ಹಣ ಉಳಿಸಲಿಕ್ಕೆ ಅಂತ ಇದನ್ನು ಹಾಕಬೇಡಿ. ಉಳಿಯುವುದಿಲ್ಲ. ಇನ್ನೂ ಸೋಲಾರ್ ಹಾಕಿಲ್ಲ ಅಂದರೆ ಮೊದಲು ಸೋಲಾರ್ ಹಾಕಿ. ಒಂದು ಕಿಲೋವ್ಯಾಟ್ ಪ್ಯಾನೆಲ್ ನಮ್ಮ ಬಿಸಿಲಿಗೆ ದಿನಕ್ಕೆ ಹೆಚ್ಚುಕಡಿಮೆ 4 ಯೂನಿಟ್ ಕೊಡುತ್ತದೆ. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಸವೆಯುವುದೂ ಇಲ್ಲ. ಲೈನ್ ಇರುವ ಮನೆಯ ಛಾವಣಿ ಮೇಲೆ ಹಾಕಿದರೆ 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿಯೂ ಇದೆ. ಸಣ್ಣ ಗಾಳಿಯಂತ್ರಕ್ಕೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಸಹಾಯದ ಯೋಜನೆ 2017ರ ಮಾರ್ಚ್‌ಗೇ ಮುಗಿಯಿತು.

ಹಾಗಾದರೆ ಯಾರಿಗೆ ಬೇಕು? ಬಯಲಿನಲ್ಲಿ ಒಂಟಿ ಮನೆ ಇರುವವರಿಗೆ. ಲೈನ್ ಎಳೆಸಲು ಆಗದವರಿಗೆ. ಸೋಲಾರ್ ಇದ್ದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಕೆಳಗೆ ಬ್ಯಾಟರಿ ತುಂಬದೆ ಒದ್ದಾಡುವವರಿಗೆ. ನನ್ನದು ಇದೇ ಕಥೆ. ಗದಗ, ಚಿತ್ರದುರ್ಗ, ಹಾವೇರಿ, ಕೊಪ್ಪಳದ ಕಡೆ ಬಿಸಿಲು ಕೈಕೊಡುವ ತಿಂಗಳಲ್ಲೇ ಗಾಳಿ ಜೋರು. ಎರಡೂ ಸೇರಿದರೆ ವರ್ಷ ಪೂರ್ತಿ ದೀಪ ಉರಿಯುತ್ತದೆ.

ಗಾಳಿಯ ಲೆಕ್ಕ

ಗಾಳಿಯ ವೇಗ ಎರಡು ಪಟ್ಟಾದರೆ ಅದರೊಳಗಿನ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಉಳಿದದ್ದು ತಾನಾಗಿ ತಿಳಿಯುತ್ತದೆ. ಸೆಕೆಂಡಿಗೆ 3 ಮೀಟರ್ ಗಾಳಿಯಲ್ಲಿ ಸುಮ್ನೆ ತಿರುಗುತ್ತಾ ಇರುವ ಫ್ಯಾನ್, 6 ಮೀಟರ್ ಗಾಳಿಗೆ ಬೇರೆಯದೇ ಯಂತ್ರ ಅನ್ನಿಸುತ್ತದೆ. ಇದು ಉಲ್ಟಾ ಕೂಡ ನಿಜ. ಒಂದು ಮರ ಗಾಳಿಯ ವೇಗವನ್ನು ಅರ್ಧ ಮಾಡಿದರೆ ಎಂಟರಲ್ಲಿ ಏಳು ಪಾಲು ಹೋಯಿತು.

ನನ್ನ ಯಂತ್ರದ ಅಳತೆಗೆ, ವರ್ಷದ ಸರಾಸರಿ ಗಾಳಿ ಸೆಕೆಂಡಿಗೆ 5 ಮೀಟರ್ ಇದ್ದರೆ ತಿಂಗಳಿಗೆ ಸುಮಾರು 90ರಿಂದ 100 ಯೂನಿಟ್ ಬರಬಹುದು. 4 ಮೀಟರ್ ಇದ್ದರೆ ಅದರ ಅರ್ಧ. 3 ಮೀಟರ್ ಇದ್ದರೆ 20ರ ಹತ್ತಿರ. ಅಷ್ಟಕ್ಕೆ ಕಂಬ ನಿಲ್ಲಿಸುವ ಕಷ್ಟ ಬೇಡ. ನಾನು ಪುಸ್ತಕದಲ್ಲಿ ಬರೆದಿಟ್ಟ ಪ್ರಕಾರ ಆಷಾಢದಲ್ಲಿ ನನಗೆ ದಿನಕ್ಕೆ 3 ಯೂನಿಟ್ ಸಿಗುತ್ತದೆ. ದೀಪಾವಳಿ ಸುತ್ತಮುತ್ತ ಅರ್ಧ ಯೂನಿಟ್ ಸಿಕ್ಕರೆ ದೊಡ್ಡದು.

ಕೊಳ್ಳುವವರೂ ಇದೇ ಲೆಕ್ಕ ಹಾಕಬೇಕು. ಯಂತ್ರದ ಮೇಲೆ ಬರೆದ ವ್ಯಾಟ್ ನೋಡಬೇಡಿ, ರೆಕ್ಕೆಯ ಅಗಲ ನೋಡಿ. ಒಬ್ಬರು 1.2 ಮೀಟರ್ ಅಗಲದ ಫ್ಯಾನ್ ತಂದು "ಒಂದು ಸಾವಿರ ವ್ಯಾಟಿನದು" ಅಂದರು. ನಾನು ಅವರೆದುರೇ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಗಂಟೆಗೆ 43 ಕಿಲೋಮೀಟರ್ ಬಿರುಗಾಳಿ ಬೀಸಿದರೂ ಆ ರೆಕ್ಕೆಯ ವೃತ್ತದೊಳಗೆ ಹಾಯುವ ಗಾಳಿಯಲ್ಲಿ ಇರುವುದೇ ಸುಮಾರು 1070 ವ್ಯಾಟ್. ಅದರಲ್ಲಿ ಯಾವ ಯಂತ್ರವೂ ನೂರಕ್ಕೆ 59ಕ್ಕಿಂತ ಹೆಚ್ಚು ಹಿಡಿಯಲಾರದು. ಆಲ್ಬರ್ಟ್ ಬೆಟ್ಸ್ ಎಂಬ ಜರ್ಮನ್ ವಿಜ್ಞಾನಿ ನೂರು ವರ್ಷದ ಹಿಂದೆಯೇ ಇದನ್ನು ತೋರಿಸಿಕೊಟ್ಟಿದ್ದಾರೆ. ಮನೆಯ ಸಣ್ಣ ಯಂತ್ರಗಳು ಹಿಡಿಯುವುದು 20ರಿಂದ 30 ಪಾಲು ಅಷ್ಟೇ. ಸಾವಿರ ವ್ಯಾಟ್ ಎಲ್ಲಿಂದ ಬರಬೇಕು, ಹೇಳಿ? ನೆಟ್ಟಗೆ ನಿಂತು ಬುಗುರಿಯಂತೆ ತಿರುಗುವ ಯಂತ್ರಗಳೂ ಈ ಲೆಕ್ಕವನ್ನು ದಾಟಲಾರವು. ಸಾಮಾನ್ಯವಾಗಿ ಅವು ಇನ್ನೂ ಕಡಿಮೆ ಹಿಡಿಯುತ್ತವೆ. ಕೊಳ್ಳಲೇಬೇಕು ಅಂದರೆ ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯಂಥ ಕಡೆ ಪರೀಕ್ಷೆ ಆದ ಕಾಗದ ಕೇಳಿ. 5 ಮೀಟರ್ ಗಾಳಿಗೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದು ಕೊಡಿ ಅನ್ನಿ.

ಕಣ ಎಲ್ಲಿದೆ?

ನಾನು ಮೊದಲ ಫ್ಯಾನ್ ಹಾಕಿದ್ದು ಗದಗದ ಮನೆಯ ಟೆರೇಸಿನ ಮೇಲೆ. ನೀರಿನ ಟ್ಯಾಂಕಿನ ಪಕ್ಕ ಆರು ಅಡಿ ಪೈಪು. ಗಾಳಿ ಜೋರಾಗಿಯೇ ಇತ್ತು. ಆದರೆ ಫ್ಯಾನ್ ಒಂದು ಕಡೆ ಮುಖ ಮಾಡಿ ನಿಲ್ಲಲೇ ಇಲ್ಲ. ಹತ್ತು ಸುತ್ತು ಈ ಕಡೆ, ನಾಲ್ಕು ಸುತ್ತು ಆ ಕಡೆ. ರಾತ್ರಿ ಮಲಗಿದರೆ ಗೋಡೆಯೊಳಗಿಂದ ಗುಂಯ್ ಅಂತ ಶಬ್ದ. ನನ್ನ ಮನೆಯವಳು ಮೂರು ರಾತ್ರಿ ತಾಳಿಕೊಂಡಳು, ನಾಲ್ಕನೇ ದಿನ ಇಳಿಸಿದೆ.

ಯಾಕೆ ಹಾಗಾಯಿತು ಅಂತ ತಿಳಿದದ್ದು ಅಜ್ಜನ ನೆನಪಿನಿಂದ. ಅಜ್ಜ ಜೋಳದ ರಾಶಿ ತೂರುವಾಗ ಮೆಟ್ಟಿನ ಮೇಲೆ ನಿಂತು ಗಾಳಿಗೆ ಕಾಯುತ್ತಿದ್ದ. ರಾಶಿ ಮಾಡುವ ಕಣವನ್ನು ಮನೆಯ ಹಿಂದೆ ಮಾಡುತ್ತಿರಲಿಲ್ಲ, ಮರದ ಬುಡದಲ್ಲಂತೂ ಇಲ್ಲವೇ ಇಲ್ಲ. ಯಾಕೆಂದರೆ ಅಲ್ಲಿ ಗಾಳಿ ಸುತ್ತು ಹಾಕುತ್ತದೆ. ತೂರಿದ ಹೊಟ್ಟು ಮತ್ತೆ ರಾಶಿಯ ಮೇಲೆಯೇ ಬಂದು ಬೀಳುತ್ತದೆ. ಹೊಟ್ಟನ್ನು ಒಂದೇ ದಿಕ್ಕಿಗೆ ಒಯ್ಯುವ ಗಾಳಿಯೇ ಫ್ಯಾನಿಗೂ ಬೇಕು. 'ಗಾಳಿ ಬಂದಾಗ ತೂರಿಕೋ' ಅಂತಾರಲ್ಲ, ತೂರುವವನಿಗೆ ಕಣ ಸರಿಯಾದ ಜಾಗದಲ್ಲಿ ಇರಬೇಕು. ಹಾಗಾಗಿ ಜಾಗ ಹುಡುಕುವಾಗ ನಾನು ಎಲ್ಲರಿಗೂ ಮೊದಲು ಕೇಳುವ ಮಾತು: ನಿಮ್ಮ ಹೊಲದಲ್ಲಿ ಹಿರಿಯರು ಕಣ ಎಲ್ಲಿ ಮಾಡುತ್ತಿದ್ದರು? ಒಂದು ವ್ಯತ್ಯಾಸ ಮಾತ್ರ ಇದೆ. ಹಿಂಗಾರಿನ ರಾಶಿ ತೂರುವಾಗ ಬೀಸುವುದು ಮೂಡಗಾಳಿ. ನಮಗೆ ಕರೆಂಟು ಕೊಡುವುದು ಮಳೆಗಾಲದ ಪಡುಗಾಳಿ. ಆದ್ದರಿಂದ ಪಡುವಣ ದಿಕ್ಕು ಬಯಲಾಗಿರಬೇಕು.

ಆಮೇಲೆ ಎತ್ತರ. ಸುತ್ತಲೂ 100 ಮೀಟರ್ ದೂರದೊಳಗೆ ಇರುವ ಅತಿ ಎತ್ತರದ ಮರ ಅಥವಾ ಕಟ್ಟಡಕ್ಕಿಂತ ಫ್ಯಾನ್ 10 ಮೀಟರ್ ಮೇಲಿರಬೇಕು. ಪ್ರಪಂಚದ ಎಲ್ಲ ಕಡೆ ಈ ಕೆಲಸ ಮಾಡುವವರು ಒಪ್ಪುವ ಲೆಕ್ಕ ಇದು. ನನ್ನ ಹೊಲದ ಮನೆ 4 ಮೀಟರ್. ಬೇವಿನ ಮರ 100 ಮೀಟರ್‌ಗಿಂತ ದೂರ. ಅದಕ್ಕೆ ಕಂಬ 15 ಮೀಟರ್ ಮಾಡಿದೆ. ಕಪ್ಪತಗುಡ್ಡದ ಫ್ಯಾನ್ ತಿರುಗುತ್ತಿದೆ, ನನ್ನದೂ ತಿರುಗುತ್ತದೆ ಅಂತ ಅಂದುಕೊಳ್ಳಬೇಡಿ. ಅದು ನಿಂತಿರುವ ಎತ್ತರದ ಗಾಳಿಯೇ ಬೇರೆ.

ಖರ್ಚಿಲ್ಲದ ಪರೀಕ್ಷೆ ಒಂದಿದೆ. ಕಾರಹುಣ್ಣಿಮೆ ಹೊತ್ತಿಗೆ ಹುಡುಗರು ಗಾಳಿಪಟ ಹಾರಿಸುತ್ತಾರಲ್ಲ, ಆಗ ಒಂದು ಗಟ್ಟಿ ಪಟ ಮಾಡಿಸಿ. ದಾರಕ್ಕೆ ಎರಡು ಮೀಟರಿಗೊಂದರಂತೆ ಹಳೆ ಸೀರೆಯ ತೆಳ್ಳನೆ ಪಟ್ಟಿ ಕಟ್ಟಿ ಹಾರಿಸಿ. ಕೆಳಗಿನ ಪಟ್ಟಿಗಳು ಮೇಲೆ ಕೆಳಗೆ ಒದ್ದಾಡುತ್ತವೆ. ಒಂದು ಎತ್ತರ ದಾಟಿದ ಮೇಲೆ ಪಟ್ಟಿ ನೆಟ್ಟಗೆ ಚಾಚಿ ನಿಲ್ಲುತ್ತದೆ. ಫ್ಯಾನ್ ಅದಕ್ಕಿಂತ ಮೇಲಿರಬೇಕು. ಇದರ ಜೊತೆ ಒಂದು ಕೈ ಗಾಳಿಮೀಟರ್ ಕೊಂಡು ಒಂದು ಮಳೆಗಾಲ ದಿನಕ್ಕೆ ಮೂರು ಸಲ ಬರೆದಿಡಿ. ಗಂಟೆಗೆ ಸುಮಾರು 20 ಕಿಲೋಮೀಟರ್ ಗಾಳಿಗೆ ಧೂಳು ಏಳುತ್ತದೆ, ಸಣ್ಣ ಕೊಂಬೆಗಳು ಅಲ್ಲಾಡುತ್ತವೆ. ಸೆಕೆಂಡಿಗೆ 5 ಮೀಟರ್ ದಾಟಿದೆ ಅಂತ ಅರ್ಥ.

ಜನರೇಟರ್

ಇದು ನನ್ನ ಕಸುಬು, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ. ಕಾರಿನ ಆಲ್ಟರ್ನೇಟರ್ ಹಾಕಲು ಬಹಳ ಜನ ಬರುತ್ತಾರೆ. ಅದು ಕೆಲಸ ಮಾಡಲು ನಿಮಿಷಕ್ಕೆ ಸಾವಿರಕ್ಕೂ ಮೇಲೆ ಸುತ್ತು ಬೇಕು. 2.4 ಮೀಟರ್ ಫ್ಯಾನ್ 5 ಮೀಟರ್ ಗಾಳಿಯಲ್ಲಿ ತಿರುಗುವುದು 240 ಸುತ್ತು. ಹಾಗಾಗಿ ಬೇಡ. ನಿಧಾನ ತಿರುಗಿದರೂ ಕರೆಂಟು ಕೊಡುವ ಜನರೇಟರ್ ನಾವೇ ಮಾಡಬೇಕು. ಸ್ಕಾಟ್ಲೆಂಡ್‌ನ ಸ್ಕೋರೈಗ್ ಎಂಬ ಲೈನ್ ಇಲ್ಲದ ಹಳ್ಳಿಯಲ್ಲಿ ಜನ ದಶಕಗಳಿಂದ ಹೀಗೆ ಮಾಡಿಕೊಂಡು ಬಂದಿದ್ದಾರೆ.

ಫ್ಯಾನಿನ ಜೊತೆ ತಿರುಗುವ ಎರಡು ಕಬ್ಬಿಣದ ತಟ್ಟೆ. ಒಂದೊಂದರ ಮೇಲೆ 12 ನಿಯೋಡಿಮಿಯಂ ಮ್ಯಾಗ್ನೆಟ್, ಉತ್ತರ ದಕ್ಷಿಣ ಉತ್ತರ ದಕ್ಷಿಣ ಅಂತ ಸಾಲಾಗಿ. ನಾನು ಹಾಕಿದ್ದು 46, 30, 10 ಮಿಲಿಮೀಟರ್ ಅಳತೆಯವು. ತಟ್ಟೆಗಳ ನಡುವೆ ತಾಮ್ರದ 9 ಕಾಯಿಲ್‌ಗಳನ್ನು ರೆಸಿನ್‌ನಲ್ಲಿ ಅಚ್ಚು ಹಾಕಿದ ಬಿಲ್ಲೆ. ಕಾಯಿಲ್ ಒಳಗೆ ಕಬ್ಬಿಣ ಇಲ್ಲ, ಆದ್ದರಿಂದ ತಡೆತಡೆದು ತಿರುಗುವುದಿಲ್ಲ. ಸಣ್ಣ ಗಾಳಿಗೂ ಹೊರಡುತ್ತದೆ. 1, 4, 7ನೇ ಕಾಯಿಲ್ ಒಂದು ಫೇಸ್. 2, 5, 8 ಇನ್ನೊಂದು. 3, 6, 9 ಮತ್ತೊಂದು. ಸ್ಟಾರ್ ಕನೆಕ್ಷನ್ ಕೊಡಿ, ಅಂದರೆ ಮೂರೂ ಫೇಸ್‌ನ ಕೊನೆಯ ತುದಿಗಳನ್ನು ಒಂದೆಡೆ ಸೇರಿಸಿ. ಮ್ಯಾಗ್ನೆಟ್ ಕೂರಿಸುವಾಗ ಹುಷಾರು. ಎರಡು ಮ್ಯಾಗ್ನೆಟ್ ನಡುವೆ ಬೆರಳು ಸಿಕ್ಕರೆ ಜಜ್ಜಿಹೋಗುತ್ತದೆ.

ಎಷ್ಟು ಸುತ್ತು ತಂತಿ ಹಾಕಬೇಕು? ಯಾರದೋ ಅಳತೆ ನಕಲು ಮಾಡಬೇಡಿ, ನಿಮ್ಮ ಮ್ಯಾಗ್ನೆಟ್ ಬೇರೆ ಇರುತ್ತದೆ. ಸುಮ್ನೆ 20 ಸುತ್ತಿನ ಒಂದು ಕಾಯಿಲ್ ಮಾಡಿ, ತಟ್ಟೆಗಳ ನಡುವೆ ಹಿಡಿಯಿರಿ. ಗಡಿಯಾರ ನೋಡುತ್ತಾ ಕೈಯಿಂದಲೇ ಸೆಕೆಂಡಿಗೆ ಒಂದು ಸುತ್ತು ತಿರುಗಿಸಿ. ಮಲ್ಟಿಮೀಟರ್ ಎಸಿಯಲ್ಲಿ ಇರಲಿ. ನನಗೆ 0.38 ವೋಲ್ಟ್ ತೋರಿಸಿತು. 3 ಮೀಟರ್ ಗಾಳಿಗೆ ನನ್ನ ಫ್ಯಾನ್ ನಿಮಿಷಕ್ಕೆ ಸುಮಾರು 143 ಸುತ್ತು ತಿರುಗಬೇಕು. ಅಂದರೆ ಅದೇ ಕಾಯಿಲ್ 0.9 ವೋಲ್ಟ್ ಕೊಡುತ್ತದೆ. 24 ವೋಲ್ಟ್ ಬ್ಯಾಟರಿ ಚಾರ್ಜ್ ಶುರುವಾಗಲು, ಎಸಿಯನ್ನು ಡಿಸಿ ಮಾಡುವ ಡಯೋಡ್‌ನಲ್ಲಿ ಹೋಗುವುದನ್ನೂ ಸೇರಿಸಿದರೆ, ಒಂದು ಫೇಸ್‌ಗೆ 11.3 ವೋಲ್ಟ್ ಬೇಕು. ಒಂದು ಫೇಸ್‌ನಲ್ಲಿ ಮೂರು ಕಾಯಿಲ್, ಆದ್ದರಿಂದ ಕಾಯಿಲ್‌ಗೆ ಸುಮಾರು 3.8. ಅದಕ್ಕೆ 84 ಸುತ್ತು ಸಾಕು. ಜಾಸ್ತಿ ಸುತ್ತಿದರೆ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಅಲ್ಲ. ಜಾಗ ಅಷ್ಟೇ ಇರುವಾಗ ಸುತ್ತು ಜಾಸ್ತಿ ಆದರೆ ತಂತಿ ತೆಳ್ಳಗಾಗುತ್ತದೆ, ಕಾಯಿಲ್ ಬಿಸಿಯಾಗುತ್ತದೆ.

ರೆಕ್ಕೆ ಮೂರು, ಮರದ್ದು. ಗಂಟಿಲ್ಲದ ಹಗುರ ಮರ ಹುಡುಕಿ, ಒಳ್ಳೆಯ ಬಡಿಗನ ಕೈಗೆ ಕೊಡಿ. ಮೂರೂ ಒಂದೇ ತೂಕ ಬರುವವರೆಗೆ ಹೆರೆಸಿ. ಅಗಸೆ ಎಣ್ಣೆ ಕುಡಿಸಿ ಆಮೇಲೆ ಬಣ್ಣ. ಪಿವಿಸಿ ಪೈಪ್ ಕತ್ತರಿಸಿ ರೆಕ್ಕೆ ಮಾಡುವುದು ಮಕ್ಕಳ ಮಾದರಿಗೆ ಸರಿ. ಈ ಅಳತೆಗೆ ಬೇಡ. ಬಿಸಿಲಿಗೆ ಪೈಪು ಪೆಡಸಾಗಿ ಒಡೆಯುತ್ತದೆ. 10 ಮೀಟರ್ ಗಾಳಿಯಲ್ಲಿ ರೆಕ್ಕೆಯ ತುದಿ ಗಂಟೆಗೆ 200 ಕಿಲೋಮೀಟರ್ ಮೇಲೆ ಓಡುತ್ತಿರುತ್ತದೆ ಅನ್ನುವುದು ನೆನಪಿರಲಿ.

ಬ್ಯಾಟರಿ ಬಿಚ್ಚಬೇಡಿ

ಎರಡನೇ ಮಳೆಗಾಲ. ಮಧ್ಯಾಹ್ನ ಗಾಳಿ ಚೆನ್ನಾಗಿತ್ತು. ಬ್ಯಾಟರಿಯ ಟರ್ಮಿನಲ್‌ಗೆ ಬಿಳಿ ಹುಡಿ ಕಟ್ಟಿದೆ ಅಂತ ಒರೆಸಲು ವೈರ್ ಬಿಚ್ಚಿದೆ. ಎರಡೇ ನಿಮಿಷದ ಕೆಲಸ ಅಂದುಕೊಂಡಿದ್ದೆ. ಹೊರಗೆ ಫ್ಯಾನಿನ ಸದ್ದು ಬದಲಾಯಿತು. ಎತ್ತಿಗೆ ನೊಗ ಕಳಚಿದ ಹಾಗೆ, ಭಾರ ಹೋದ ಯಂತ್ರಕ್ಕೆ ಹಿಡಿತವೇ ಇಲ್ಲ. ನಾನು ಹೊರಗೆ ಓಡುವಷ್ಟರಲ್ಲಿ ಒಂದು ರೆಕ್ಕೆ ಮುರಿದು ಹೆಸರುಕಾಳಿನ ಹೊಲದೊಳಗೆ ಬಿತ್ತು. ಕಳೆ ತೆಗೆಯುವವರು ಬೆಳಗ್ಗೆಯೇ ಆ ಸಾಲು ಮುಗಿಸಿ ಹೋಗಿದ್ದರು. ಈಗಲೂ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ.

ಸೋಲಾರ್ ಪ್ಯಾನೆಲ್‌ನ ವೈರ್ ಬಿಚ್ಚಿದರೆ ಏನೂ ಆಗುವುದಿಲ್ಲ. ಆದರೆ ಬ್ಯಾಟರಿ ಎಳೆಯುವ ಕರೆಂಟೇ ಫ್ಯಾನಿಗೆ ಭಾರ, ಆ ಭಾರ ಯಾವಾಗಲೂ ಇರಲೇಬೇಕು. ಆದ್ದರಿಂದ ಸೋಲಾರ್ ಕಂಟ್ರೋಲರ್ ಇದಕ್ಕೆ ಹಾಕಬೇಡಿ, ಬ್ಯಾಟರಿ ತುಂಬಿದ ಕೂಡಲೇ ಅದು ಲೈನ್ ಕತ್ತರಿಸುತ್ತದೆ. ಬ್ಯಾಟರಿ ತುಂಬಿದ ಮೇಲೆ ಕರೆಂಟನ್ನು ಹೀಟರ್‌ಗೆ ತಿರುಗಿಸುವ ಕಂಟ್ರೋಲರ್ ಬೇಕು. ಅದಕ್ಕೆ ಡಂಪ್ ಲೋಡ್ ಅನ್ನುತ್ತಾರೆ. ಸ್ನಾನದ ನೀರಿನ ಸಾವಿರ ವ್ಯಾಟಿನ ಕಾಯಿಲ್ ಹಾಕಿದರೆ ಸಾಕು ಅಂತ ತಪ್ಪು ತಿಳಿಯುತ್ತಾರೆ. ಅದು 230 ವೋಲ್ಟಿನದು. 24 ವೋಲ್ಟ್‌ಗೆ ಅದು ಎಳೆಯುವುದು ಬರೀ 11 ವ್ಯಾಟ್. ನಿಕ್ರೋಮ್ ತಂತಿಯಿಂದ 1.2 ಓಮ್ ಹತ್ತಿರ ಬರುವ ಹೀಟರ್ ಮಾಡಿಸಿ, ಸುಮಾರು 700 ವ್ಯಾಟ್ ತಿನ್ನುತ್ತದೆ. ಲಿಥಿಯಂ ಬ್ಯಾಟರಿ ಇಟ್ಟವರಿಗೂ ಇದು ಬೇಕೇ ಬೇಕು. ಅದರೊಳಗೆ ಬ್ಯಾಟರಿ ಕಾಯುವ ಬಿಎಂಎಸ್ ಅನ್ನುವ ಸರ್ಕ್ಯೂಟ್ ತನ್ನಷ್ಟಕ್ಕೆ ತಾನು ಕಟ್ ಮಾಡಿಕೊಂಡರೆ ನನ್ನ ಹೆಸರುಕಾಳಿನ ಹೊಲದಲ್ಲಿ ಆದದ್ದೇ ಆಗುತ್ತದೆ. ಹಾಗಾಗಿ ಆಗಲೂ ಕಂಟ್ರೋಲರ್ ಮತ್ತು ಹೀಟರ್ ಕೆಲಸ ಮಾಡುವಂತಿರಬೇಕು ಅಂತ ಕೊಳ್ಳುವಾಗಲೇ ಕೇಳಿ.

ಇದರ ಜೊತೆ ಒಂದು ಬ್ರೇಕ್ ಸ್ವಿಚ್. ಮೂರೂ ಫೇಸ್ ವೈರ್‌ಗಳನ್ನು ಒಂದಕ್ಕೊಂದು ಶಾರ್ಟ್ ಮಾಡಿದರೆ ಫ್ಯಾನ್ ನಿಲ್ಲುತ್ತದೆ. ಗಾಳಿ ಜೋರಾದ ಮೇಲಲ್ಲ, ಜೋರಾಗುವ ಮುಂಚೆ ಹಾಕಬೇಕು. ಬಿರುಗಾಳಿಗೆ ಯಂತ್ರವೇ ಮುಖ ತಿರುಗಿಸಿಕೊಳ್ಳುವ ಬಾಲವೂ ಇರಬೇಕು. ಫ್ಯಾನಿನ ನಡುವನ್ನು ಕಂಬದ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಕೂರಿಸಿ, ಬಾಲದ ಕೀಲನ್ನು ಓರೆಯಾಗಿ ವೆಲ್ಡ್ ಮಾಡಿದರೆ, ಜೋರು ಗಾಳಿಗೆ ಬಾಲ ಮೇಲೆದ್ದು ಫ್ಯಾನ್ ಓರೆಯಾಗುತ್ತದೆ. ಗಾಳಿ ಇಳಿದಾಗ ಬಾಲ ತನ್ನ ಭಾರಕ್ಕೆ ತಾನೇ ಇಳಿದು ಫ್ಯಾನನ್ನು ಎದುರಿಗೆ ತರುತ್ತದೆ. ಸ್ಪ್ರಿಂಗ್ ಇಲ್ಲ, ಮೋಟಾರ್ ಇಲ್ಲ.

ವೈರಿನ ವಿಷಯ ಬೇಗ ಮುಗಿಸುತ್ತೇನೆ. 24 ವೋಲ್ಟ್‌ನಲ್ಲಿ 400 ವ್ಯಾಟ್ ಅಂದರೆ ಸುಮಾರು 17 ಆಂಪಿಯರ್. ನನಗೆ 35 ಮೀಟರ್ ಹೋಗಿ 35 ಮೀಟರ್ ಬರುವ ವೈರ್. 6 ಸ್ಕ್ವೇರ್ ಎಂಎಂ ತಾಮ್ರದಲ್ಲೂ ಮೂರೂವರೆ ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 48 ವೋಲ್ಟ್ ಮಾಡಿದ್ದರೆ ಅದೇ ವೈರಿನಲ್ಲಿ ಸೋರುವ ವ್ಯಾಟ್ ನಾಲ್ಕನೇ ಒಂದು ಪಾಲು. ಹೊಸದಾಗಿ ಮಾಡುವವರು 48 ಮಾಡಿ. ಕಂಬದೊಳಗೆ ಕೇಬಲ್ ಸುಮ್ನೆ ಇಳಿಬಿಡಿ. ಫ್ಯಾನ್ ದಿಕ್ಕು ಬದಲಿಸಿದಂತೆ ಅದು ನಿಧಾನ ಹುರಿಗೊಳ್ಳುತ್ತದೆ. ಬುಡದಲ್ಲಿ ಪ್ಲಗ್ ಇಟ್ಟಿದ್ದರೆ, ಬ್ರೇಕ್ ಹಾಕಿ ಫ್ಯಾನ್ ನಿಂತ ಮೇಲೆ, ವರ್ಷಕ್ಕೊಮ್ಮೆ ಬಿಚ್ಚಿ ಹುರಿ ತೆಗೆದರೆ ಆಯಿತು.

ಕಂಬ

ಎಲ್ಲರೂ ಫ್ಯಾನಿಗೆ ಹಣ ಹಾಕಿ ಕಂಬಕ್ಕೆ ಕೈ ಬಿಗಿ ಮಾಡುತ್ತಾರೆ. ನನಗೆ ಕಂಬ, ಸ್ಟೀಲ್ ಹಗ್ಗ, ಕಾಂಕ್ರೀಟು ಸೇರಿ ಯಂತ್ರಕ್ಕಿಂತ ಜಾಸ್ತಿ ಖರ್ಚಾಯಿತು. ಅದು ಸರಿಯಾದ ಖರ್ಚು.

ಬುಡದಲ್ಲಿ ಕೀಲು ಇರುವ, ಮಲಗಿಸಿ ಎಬ್ಬಿಸುವ ಕಂಬ ಮಾಡಿ. 6 ಮೀಟರಿನ ಜಿಐ ಪೈಪ್ ಎರಡೂವರೆ ಬೇಕಾಯಿತು. ನಾಲ್ಕು ದಿಕ್ಕಿಗೆ ಎರಡು ಮಟ್ಟದಲ್ಲಿ ಸ್ಟೀಲ್ ಹಗ್ಗ. ಗೂಟಗಳು ಬುಡದಿಂದ ಕಂಬದ ಅರ್ಧ ಎತ್ತರದಷ್ಟು ದೂರ. ನಮ್ಮದು ಎರೆ ಹೊಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಮೊದಲ ವರ್ಷ ಗೂಟ ಎರೆಯಲ್ಲೇ ನಿಲ್ಲಿಸಿದ್ದೆ. ಏಪ್ರಿಲ್‌ನಲ್ಲಿ ಹಗ್ಗಗಳು ಜೋಲಿ ಹೊಡೆಯುತ್ತಿದ್ದವು. ಎರೆ ದಾಟಿ ಗರಸು ಸಿಗುವವರೆಗೆ ಅಗೆದು ಅಲ್ಲಿ ಕಾಂಕ್ರೀಟ್ ಹಾಕಿ. ಹಗ್ಗದ ತುದಿಗೆ ಮೂರು ಯು-ಕ್ಲ್ಯಾಂಪ್ ಹಾಕಿ. ಕ್ಲ್ಯಾಂಪಿನ ಕುದುರೆಯ ಜೀನಿನಂಥ ಭಾಗ ಭಾರ ಹೊರುವ ಹಗ್ಗದ ಕಡೆ, ಬಾಗಿದ ಸರಳು ಮಡಚಿದ ತುದಿಯ ಕಡೆ ಇರಬೇಕು. ಉಲ್ಟಾ ಹಾಕಿದರೆ ಭಾರದ ಹಗ್ಗವನ್ನೇ ಅದು ಕಚ್ಚಿ ಹಾಳುಮಾಡುತ್ತದೆ.

ಎಬ್ಬಿಸಲು ಟ್ರ್ಯಾಕ್ಟರ್ ಬೇಡ. ಡ್ರೈವರ್‌ಗೆ ಹಿಂದೆ ಒಂದು ಹಗ್ಗ ಕಲ್ಲಿಗೆ ಸಿಕ್ಕಿದ್ದು ಕಾಣುವುದಿಲ್ಲ, ಅವನು ಬ್ರೇಕ್ ಒತ್ತುವಷ್ಟರಲ್ಲಿ ಕಂಬ ಬಾಗಿರುತ್ತದೆ. ಕೈಯಿಂದ ತಿರುಗಿಸುವ ವಿಂಚ್‌ನಲ್ಲಿ ಒಂದೊಂದೇ ಗೇಣು ಎಬ್ಬಿಸಿ. ಮೊದಲ ಸಲ ಫ್ಯಾನ್ ಇಲ್ಲದೆ ಬರೀ ಕಂಬ ಎಬ್ಬಿಸಿ ಹಗ್ಗದ ಅಳತೆ ಸರಿ ಮಾಡಿಕೊಳ್ಳಿ. ಕಂಬ ಬೀಳುವಷ್ಟು ದೂರದಲ್ಲಿ ಕರೆಂಟ್ ಲೈನ್ ಇರಬಾರದು, ದನ ಕಟ್ಟುವ ಜಾಗ ಇರಬಾರದು. ಗುಡುಗು ಸಿಡಿಲಿನ ಊರು ನಮ್ಮದು. ಕಂಬಕ್ಕೂ ನಾಲ್ಕೂ ಗೂಟಕ್ಕೂ ಬೇರೆ ಬೇರೆ ಅರ್ಥಿಂಗ್ ಕೊಡಿ.

ಇನ್ನೊಂದು ಮಾತು. ನಮ್ಮ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಪ್ರಪಂಚದ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಅವು ಮೇವಿಗೆ ಸುತ್ತಲ ಹೊಲಗಳಿಗೆ ಹಾರುತ್ತವೆ. ಮಬ್ಬು ಬೆಳಕಿನಲ್ಲಿ ಹಕ್ಕಿಗಳಿಗೆ ತೆಳ್ಳನೆ ಸ್ಟೀಲ್ ಹಗ್ಗ ಕಾಣುವುದು ಕಷ್ಟ. ಕೆರೆಯ ಹತ್ತಿರ ಹೊಲ ಇದ್ದವರು ಅವುಗಳ ದಾರಿಯಲ್ಲಿ ಕಂಬ ನಿಲ್ಲಿಸಬೇಡಿ. ಹೇಗಿದ್ದರೂ ಆ ತಿಂಗಳುಗಳಲ್ಲಿ ಗಾಳಿ ಕಡಿಮೆ. ನಾನು ನವೆಂಬರ್ ಬಂದರೆ ಕಂಬ ಮಲಗಿಸಿಬಿಡುತ್ತೇನೆ. ಸೋಲಾರ್ ಸಾಕಾಗುತ್ತದೆ.

ಮಲಗಿದ ಕಂಬದ ಮೇಲೆ ಬೇಸಿಗೆಯಲ್ಲಿ ಎರಡು ದಿನದ ಕೆಲಸ ಇರುತ್ತದೆ. ಬೇರಿಂಗ್‌ಗೆ ಗ್ರೀಸ್. ರೆಕ್ಕೆಯ ಮುಂದಿನ ಅಂಚು ಧೂಳಿಗೆ ಸವೆದಿರುತ್ತದೆ, ಅದಕ್ಕೆ ಬಣ್ಣ. ಮ್ಯಾಗ್ನೆಟ್ ತಟ್ಟೆಯಲ್ಲಿ ತುಕ್ಕು ಇದೆಯಾ ನೋಡಿ, ತುಕ್ಕು ಉಬ್ಬಿದರೆ ಕಾಯಿಲ್‌ಗೆ ಉಜ್ಜುತ್ತದೆ. ಪ್ರತಿ ನಟ್ಟಿಗೂ ಸ್ಪಾನರ್ ಹಾಕಿ ನೋಡಿ, ನೋಡಿದ ನಟ್ಟಿಗೆ ಬಣ್ಣದ ಚುಕ್ಕೆ ಇಡಿ. ಕಾರಹುಣ್ಣಿಮೆಗೆ ಒಂದು ವಾರ ಮುಂಚೆ, ಬೆಳಗ್ಗೆ ಗಾಳಿ ಏಳುವುದರೊಳಗೆ, ಬ್ರೇಕ್ ಸ್ವಿಚ್ ಹಾಕಿಟ್ಟು ಕಂಬ ಎಬ್ಬಿಸಿ.